ಟೋಕಿಯೊದಿಂದ ಯೊನಾಗುನಿವರೆಗೆ: ಸೇನೆಯ ವಿಷಯದಲ್ಲಿ ಜಪಾನಿನ ಜನರ ಮಾತು

ಮಂಗಳವಾರ, ಯುಮೆನೊಶಿಮಾ

ಟೋಕಿಯೊ ನೋಡಲು ಬರುವವರು ಯುಮೆನೊಶಿಮಾಗೆ ಹೋಗುವುದು ಕಡಿಮೆ. ಹಿಂದೆ ಊರಿನ ಕಸವನ್ನೆಲ್ಲ ತಂದು ಸುರಿಯುತ್ತಿದ್ದ ಜಾಗ ಅದು. ಈಗ ದೊಡ್ಡ ಪಾರ್ಕ್. ಶಿನ್-ಕಿಬಾ ಸ್ಟೇಷನ್ನಿನಲ್ಲಿ ಇಳಿದು ಸ್ವಲ್ಪ ದೂರ ನಡೆದರೆ ಮರಗಳ ನಡುವೆ ಒಂದು ಮ್ಯೂಸಿಯಂ ಸಿಗುತ್ತದೆ. ಟಿಕೆಟ್ ಇಲ್ಲ. ಒಳಗೆ ಕಾಲಿಟ್ಟರೆ ಎದುರಿಗೇ ಒಂದು ಇಡೀ ಮರದ ದೋಣಿ, ಸುಮಾರು 30 ಮೀಟರ್ ಉದ್ದ. ಹೆಸರು ದಾಯ್‌ಗೊ ಫುಕುರ್ಯು ಮಾರು. ಟ್ಯೂನಾ ಮೀನು ಹಿಡಿಯಲು ಹೋಗುತ್ತಿದ್ದ ದೋಣಿ. ಹಲಗೆಗಳ ಬಣ್ಣ ಎದ್ದಿದೆ. ಕೆಳಗೆ ನಿಂತು ತಲೆ ಎತ್ತಿದರೆ ಅದರ ಹೊಟ್ಟೆ ಮೈಮೇಲೆ ಬಂದ ಹಾಗೆ ಕಾಣುತ್ತದೆ.

ನನ್ನ ಪ್ರವಾಸ ಇಲ್ಲಿಂದಲೇ ಶುರುವಾಗಬೇಕು ಎಂದು ಊರಿನಲ್ಲೇ ನಿರ್ಧಾರ ಮಾಡಿದ್ದೆ. 2022ರ ಡಿಸೆಂಬರಿನಲ್ಲಿ ಜಪಾನ್ ಸರ್ಕಾರ ರಕ್ಷಣಾ ಖರ್ಚನ್ನು ಜಿಡಿಪಿಯ ಶೇ 2ಕ್ಕೆ ಏರಿಸಲು ತೀರ್ಮಾನಿಸಿತು. ಶತ್ರುವಿನ ನೆಲೆಗೆ ತಿರುಗಿ ಹೊಡೆಯುವ ಕ್ಷಿಪಣಿಗಳನ್ನೂ ಕೊಳ್ಳುವುದಾಗಿ ಹೇಳಿತು. ಯುದ್ಧವನ್ನು ಬಿಟ್ಟಿದ್ದೇವೆ ಎಂದು ಸಂವಿಧಾನದಲ್ಲೇ ಬರೆದುಕೊಂಡ ದೇಶ ಇದು. ಅಲ್ಲಿನ ಜನ ಇದಕ್ಕೆ ಒಪ್ಪಿದರಾ? ಒಪ್ಪದಿದ್ದರೆ ಅವರ ಮಾತು ಎಲ್ಲಿಯವರೆಗೆ ನಡೆಯುತ್ತದೆ? ಇದನ್ನು ಓಡಾಡಿ ತಿಳಿಯಬೇಕಿತ್ತು. ಜೊತೆಗೆ ಸಾಗರ ಊರಿನ ಗೆಳೆಯನಿದ್ದ. ಅವನು ಟೋಕಿಯೊದಲ್ಲೇ ನೆಲೆಸಿದವನು. ಜಪಾನಿ ಭಾಷೆ ಅವನಿಗೆ ನೀರು ಕುಡಿದಷ್ಟು ಸಲೀಸು.

1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಪರೀಕ್ಷೆ ಮಾಡಿತು. ಈ ದೋಣಿಯಲ್ಲಿದ್ದ 23 ಮೀನುಗಾರರ ಮೇಲೆ ಬಿಳಿ ಬೂದಿ ಬಿತ್ತು. ಸೆಪ್ಟೆಂಬರಿನಲ್ಲಿ ರೇಡಿಯೊ ಆಪರೇಟರ್ ಕುಬೊಯಾಮಾ ಐಕಿಚಿ ತೀರಿಕೊಂಡರು. ಹೊರಗಿನ ಕಲ್ಲಿನ ಮೇಲೆ ಅವರ ಮಾತು ಕೆತ್ತಿದ್ದಾರೆ. ಅಣುಬಾಂಬ್, ಹೈಡ್ರೋಜನ್ ಬಾಂಬ್‌ಗೆ ಬಲಿಯಾದವರಲ್ಲಿ ನಾನೇ ಕೊನೆಯವನಾಗಲಿ ಎಂಬ ಮಾತು.

ಆಮೇಲೆ ಆದದ್ದು ನನಗೆ ಇವತ್ತಿಗೂ ದೊಡ್ಡ ವಿಷಯ. ವಿಷವೇರಿದ ಟ್ಯೂನಾ ಮಾರುಕಟ್ಟೆಗೆ ಬಂದಿತ್ತು. ಅದನ್ನು ತ್ಸುಕಿಜಿ ಮಾರುಕಟ್ಟೆಯಲ್ಲೇ ಹೂತರು. ಮೀನು ಕೊಳ್ಳುವವರೇ ಇಲ್ಲವಾದರು. ಟೋಕಿಯೊದ ಸುಗಿನಾಮಿ ವಾರ್ಡಿನ ಗೃಹಿಣಿಯರು, ಮೀನಂಗಡಿಯವರು ಸೇರಿ ಸಹಿ ಸಂಗ್ರಹಕ್ಕೆ ಇಳಿದರು. ಮರುವರ್ಷದ ಹೊತ್ತಿಗೆ ಸಹಿಗಳು 3 ಕೋಟಿ ದಾಟಿದ್ದವು. ಆಗ ದೇಶದ ಜನಸಂಖ್ಯೆ ಸುಮಾರು 9 ಕೋಟಿ. ಯುದ್ಧದಲ್ಲಿ ಸೋತ ಮೇಲೆ ಹೊರಗಿನ ಸೇನೆಯ ಆಳ್ವಿಕೆ ಇದ್ದ ವರ್ಷಗಳಲ್ಲಿ ಹಿರೋಶಿಮಾ ಬಗ್ಗೆ ಬರೆಯಲೂ ಸೆನ್ಸಾರ್ ಇತ್ತು. ಅದುಮಿಟ್ಟಿದ್ದೆಲ್ಲ ಈ ಸಹಿಗಳಲ್ಲಿ ಹೊರಬಂತು.

ಬಾಂಬ್ ಪರೀಕ್ಷೆಯಾದ 1954ರ ಜುಲೈಯಲ್ಲೇ ಸರ್ಕಾರ ಆತ್ಮರಕ್ಷಣಾ ಪಡೆಯನ್ನು ಕಟ್ಟಿತು. ಅದಕ್ಕೆ ಸ್ವಲ್ಪ ಮುಂಚೆ, ಈ ಪಡೆಯನ್ನು ಹೊರದೇಶಕ್ಕೆ ಕಳಿಸಕೂಡದು ಎಂದು ಸಂಸತ್ತಿನ ಮೇಲ್ಮನೆ ನಿರ್ಣಯ ಮಾಡಿತ್ತು. ಸೇನೆ ಬಂತು, ಅದರ ಜೊತೆಗೇ ಕಟ್ಟುಪಾಡೂ ಬಂತು. ಈ ಜೋಡಿ ಮುಂದೆ ಹೋದಲ್ಲೆಲ್ಲ ನನಗೆ ಸಿಕ್ಕಿತು.

ದೋಣಿ ಇಲ್ಲಿ ಉಳಿದದ್ದೂ ಜನರಿಂದಲೇ. ಹಳೆಯದಾಯಿತೆಂದು ಗುಜರಿಗೆ ಹಾಕಿ, ಇದೇ ಕಸದ ದಂಡೆಯಲ್ಲಿ ಬಿಟ್ಟಿದ್ದರು. 1968ರಲ್ಲಿ 26 ವರ್ಷದ ಒಬ್ಬ ಕಂಪನಿ ನೌಕರ ಅಸಾಹಿ ಪತ್ರಿಕೆಯ ವಾಚಕರ ವಾಣಿಗೆ ಕಾಗದ ಬರೆದರು. ಇದನ್ನು ಹೀಗೆ ಮುಳುಗಲು ಬಿಡಬಹುದಾ ಎಂದು ಕೇಳಿದರು. ಆ ಕಾಗದದಿಂದ ಚಳವಳಿ ಹುಟ್ಟಿ, 1976ರಲ್ಲಿ ಈ ಕಟ್ಟಡ ಬಂತು.

ಬುಧವಾರ, ನಾಗಾತಾಚೊ

ಜಪಾನಿನ ಸಂಸತ್ ಭವನವನ್ನು ಯಾರು ಬೇಕಾದರೂ ನೋಡಬಹುದು. ಮೇಲ್ಮನೆಯವರೇ ಕರೆದುಕೊಂಡು ಹೋಗಿ ತೋರಿಸುತ್ತಾರೆ. ನಮ್ಮ ಗುಂಪಿನಲ್ಲಿ ಜಾಸ್ತಿ ಇದ್ದದ್ದು ಶಾಲೆ ಮಕ್ಕಳು. ನಡುಮನೆಯ ನಾಲ್ಕು ಮೂಲೆಗಳಲ್ಲಿ ನಾಲ್ಕು ಪೀಠಗಳಿವೆ. ಮೂರರ ಮೇಲೆ ಹಳೆಯ ನಾಯಕರ ಕಂಚಿನ ಪ್ರತಿಮೆಗಳು. ನಾಲ್ಕನೆಯದು ಖಾಲಿ.

ಹೊರಗೆ ಬಂದು ಬೇಲಿಯ ಗುಂಟ ದಕ್ಷಿಣದ ಗೇಟಿನ ಕಡೆ ನಡೆದೆವು. 1960ರ ಜೂನ್ 15ರ ಸಂಜೆ ಇಲ್ಲೇ ಪೊಲೀಸರಿಗೂ ವಿದ್ಯಾರ್ಥಿಗಳಿಗೂ ಘರ್ಷಣೆಯಾಗಿ ಟೋಕಿಯೊ ವಿಶ್ವವಿದ್ಯಾಲಯದ ಕಾಂಬಾ ಮಿಚಿಕೊ ಸತ್ತರು. ಓದುತ್ತಿದ್ದ ಹುಡುಗಿ. ಅಮೆರಿಕದ ಜೊತೆಗಿನ ರಕ್ಷಣಾ ಒಪ್ಪಂದವನ್ನು ಪ್ರಧಾನಿ ಕಿಶಿ ನೊಬುಸುಕೆ ತಿದ್ದಿ ತಂದಿದ್ದರು. ಮೇ ತಿಂಗಳಲ್ಲಿ ಪೊಲೀಸರನ್ನು ಸಂಸತ್ತಿನ ಒಳಗೇ ಕರೆಸಿ, ಧರಣಿ ಕೂತಿದ್ದ ವಿರೋಧ ಪಕ್ಷದವರನ್ನು ಎತ್ತಿ ಹಾಕಿಸಿ, ನಡುರಾತ್ರಿ ಕೆಳಮನೆಯ ಒಪ್ಪಿಗೆ ಪಡೆದರು. ಒಪ್ಪಂದವೇ ಬೇಡ ಎನ್ನುತ್ತಿದ್ದವರ ಜೊತೆ, ಅದನ್ನು ಹೀಗೆ ಮಾಡಿದ್ದು ಸರಿಯಲ್ಲ ಎನ್ನುವವರೂ ಆಗ ಬೀದಿಗೆ ಬಂದರು. ಬೀದಿಯಲ್ಲಿ ಇಲ್ಲದವರ, ದನಿಯಿಲ್ಲದವರ ದನಿಯೂ ನನಗೆ ಕೇಳಬೇಕು ಎಂದು ಕಿಶಿ ವಾದಿಸಿದರು. ಆದರೆ ಬೀದಿಯ ದನಿ ಅಡಗಲಿಲ್ಲ. ಅಮೆರಿಕ ಅಧ್ಯಕ್ಷ ಐಸೆನ್‌ಹೋವರ್ ಬರುವುದಿತ್ತು, ಅದು ರದ್ದಾಯಿತು. ಜೂನ್ 19ಕ್ಕೆ ಒಪ್ಪಂದ ತಾನಾಗಿಯೇ ಪಾಸಾಯಿತು. 23ಕ್ಕೆ ಕಿಶಿ ರಾಜೀನಾಮೆ ಹೇಳಿದರು.

ಜನ ಗೆದ್ದರಾ, ಸೋತರಾ? ಒಪ್ಪಂದ ಇವತ್ತಿಗೂ ಇದೆ. ಹಾಗೆ ನೋಡಿದರೆ ಸೋತರು. ಆದರೆ ಕಿಶಿಯ ನಂತರ ಬಂದ ಇಕೆದಾ ಹಯಾತೊ ಸೇನೆಯ ಮಾತು ಬಿಟ್ಟು ಜನರ ಆದಾಯ ಎರಡು ಪಟ್ಟು ಮಾಡುತ್ತೇನೆ ಎಂದರು. ಸಂವಿಧಾನ ತಿದ್ದುವ ವಿಷಯ ಎಷ್ಟೋ ಕಾಲ ಹಿಂದೆ ಸರಿಯಿತು. ಅದು ಸಣ್ಣ ಫಲವಲ್ಲ.

2015ರಲ್ಲಿ ಇದೇ ರಸ್ತೆ ಮತ್ತೆ ತುಂಬಿತು. ಈ ಸಲ ಪ್ರಧಾನಿ ಕಿಶಿಯವರ ಮೊಮ್ಮಗ, ಅಬೆ ಶಿಂಜೊ. ಮಿತ್ರದೇಶದ ಮೇಲೆ ದಾಳಿಯಾದರೂ ಜಪಾನ್ ಹೋರಾಡಬಹುದು ಎನ್ನುವ ಕಾನೂನು. ಆ ಜೂನಿನಲ್ಲಿ ಸಂಸತ್ತಿನ ಸಮಿತಿಯ ಮುಂದೆ ಬಂದ ಮೂವರು ಸಂವಿಧಾನ ತಜ್ಞರೂ ಇದು ಸಂವಿಧಾನಕ್ಕೆ ವಿರುದ್ಧ ಎಂದರು. ಆ ಮೂವರಲ್ಲಿ ಒಬ್ಬರನ್ನು ಕರೆಸಿದ್ದು ಆಳುವ ಪಕ್ಷವೇ! ಆಗಸ್ಟ್ 30ರಂದು ಇಲ್ಲಿ 1 ಲಕ್ಷ 20 ಸಾವಿರ ಜನ ಸೇರಿದ್ದರು ಎಂದು ಸಂಘಟಕರು ಹೇಳಿದರು. ಪೊಲೀಸರ ಲೆಕ್ಕ ಸುಮಾರು 30 ಸಾವಿರ. ಗೆಳೆಯ ಅವತ್ತು ಕೆಲಸದ ಮೇಲೆ ಈ ಕಡೆ ಬಂದು, ದಾಟಲಾಗದೆ ನಿಂತಿದ್ದನಂತೆ.

"ಮಳೆ ಕಣೋ. ಎಲ್ಲರ ಕೈಯಲ್ಲೂ ಕೊಡೆ. ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರಿದ್ದರು. ಇಲ್ಲಿನ ಜನ ಇಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ" ಎಂದ.

ಕಾನೂನು ಸೆಪ್ಟೆಂಬರ್ 19ರ ಬೆಳಗಿನ ಜಾವ ಪಾಸಾಯಿತು. ಆದರೆ ಅದಕ್ಕೆ ಷರತ್ತುಗಳಿವೆ. ಜಪಾನಿನ ಉಳಿವಿಗೇ ಅಪಾಯ ಬಂದಿರಬೇಕು, ಬೇರೆ ದಾರಿ ಇರಬಾರದು, ಬಲ ಬಳಸಿದರೂ ಬೇಕಾದಷ್ಟೇ ಬಳಸಬೇಕು. ಆಗ ಸರ್ಕಾರದಲ್ಲಿ ಜೊತೆಗಿದ್ದ ಕೊಮೆಯ್ತೊ ಪಕ್ಷವನ್ನು ಒಪ್ಪಿಸಲು ಸೇರಿದ ಕಟ್ಟುಗಳಿವು. ಆ ಪಕ್ಷಕ್ಕೆ ವೋಟು ಹಾಕುವವರು ಶಾಂತಿಯ ಮಾತನ್ನು ಬಿಟ್ಟುಕೊಡುವವರಲ್ಲ. ಇನ್ನು ಯುದ್ಧವನ್ನು ಬಿಟ್ಟಿದ್ದೇವೆ ಎನ್ನುವ ಸಂವಿಧಾನದ 9ನೇ ವಿಧಿಯಂತೂ 1947ರಿಂದ ಒಂದು ಅಕ್ಷರವೂ ಬದಲಾಗಿಲ್ಲ. ಬದಲಾಗಬೇಕಾದರೆ ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು, ಆಮೇಲೆ ಇಡೀ ದೇಶದ ಜನಮತ ಬೇಕು. ಅಷ್ಟು ಬಲವಿದ್ದ ಅಬೆಯವರೇ ಜನಮತದವರೆಗೆ ಹೋಗಲಿಲ್ಲ.

ಗುರುವಾರ, ಶಿಂಕಾನ್ಸೆನ್ ಮತ್ತು ಹಿರೋಶಿಮಾ

ಟೋಕಿಯೊದಿಂದ ಹಿರೋಶಿಮಾಗೆ ಸುಮಾರು ನಾಲ್ಕು ಗಂಟೆ. ಬೆಂತೊ ಡಬ್ಬಿ ಬಿಚ್ಚಿಕೊಂಡು ಕೂತಾಗ ಗೆಳೆಯ ಉತ್ತರ ಜಪಾನಿನ ಅಕಿತಾ ಊರಿನ ಕಥೆ ಹೇಳಿದ. ಅವನ ಆಫೀಸಿನಲ್ಲಿ ಆ ಕಡೆಯವರೊಬ್ಬರಿದ್ದಾರೆ.

ಉತ್ತರ ಕೊರಿಯದ ಕ್ಷಿಪಣಿಗಳನ್ನು ತಡೆಯಲು ಸರ್ಕಾರ ಏಜಿಸ್ ಅಶೋರ್ ಎಂಬ ವ್ಯವಸ್ಥೆಯನ್ನು ಎರಡು ಕಡೆ ಕೂರಿಸಲು ಹೊರಟಿತ್ತು. ಒಂದು ಅಕಿತಾ ನಗರದ ಅರಾಯಾದಲ್ಲಿ, ಇನ್ನೊಂದು ಯಾಮಾಗುಚಿಯ ಮುತ್ಸುಮಿಯಲ್ಲಿ. ಅರಾಯಾದಲ್ಲಿ ಮನೆ, ಶಾಲೆ ಎಲ್ಲ ಪಕ್ಕದಲ್ಲೇ ಇವೆ. ಬೇರೆ ಜಾಗಗಳಲ್ಲಿ ಗುಡ್ಡ ಅಡ್ಡ ಬರುತ್ತದೆ, ರೇಡಾರಿಗೆ ಆಗುವುದಿಲ್ಲ ಎಂದು 2019ರಲ್ಲಿ ರಕ್ಷಣಾ ಇಲಾಖೆ ವರದಿ ಕೊಟ್ಟಿತು. ಅಕಿತಾ ಸಾಕಿಗಾಕೆ ಎಂಬ ಸ್ಥಳೀಯ ಪತ್ರಿಕೆಯ ವರದಿಗಾರರಿಗೆ ಅದರಲ್ಲಿದ್ದ ಚಿತ್ರ ನೋಡಿ ಅನುಮಾನ ಬಂತು. ಒಂದು ಬೆಟ್ಟದ ಕೋನ 15 ಡಿಗ್ರಿ ಎಂದು ಬರೆದಿತ್ತು. ಲೆಕ್ಕ ಹಾಕಿದರೆ ಬಂದದ್ದು 4. ಇಲಾಖೆಯವರು ಗೂಗಲ್ ಅರ್ಥ್ ಚಿತ್ರ ಬಳಸುವಾಗ ಎತ್ತರದ ಅಳತೆ ಹಿಗ್ಗಿದ್ದನ್ನು ಗಮನಿಸಿರಲಿಲ್ಲ. ಸಾಲದ್ದಕ್ಕೆ, ಜನರಿಗೆ ವಿವರಿಸಲು ಕರೆದ ಸಭೆಯಲ್ಲಿ ಅಧಿಕಾರಿಯೊಬ್ಬರು ತೂಕಡಿಸಿದರು. ಜುಲೈ ಚುನಾವಣೆಯಲ್ಲಿ ಅಕಿತಾದ ಸೀಟು ಆಳುವ ಪಕ್ಷದ ಕೈ ತಪ್ಪಿತು. 2020ರ ಜೂನಿನಲ್ಲಿ ರಕ್ಷಣಾ ಸಚಿವ ಕೊನೊ ತಾರೊ ಯೋಜನೆಯನ್ನೇ ನಿಲ್ಲಿಸಿದರು. ಕ್ಷಿಪಣಿಯಿಂದ ಕಳಚಿ ಬೀಳುವ ಬೂಸ್ಟರ್ ಎಂಬ ಭಾಗ ಜನರ ಮೇಲೆ ಬೀಳದಂತೆ ಮಾಡಲು ಸಿಕ್ಕಾಪಟ್ಟೆ ಹಣ, ಸಮಯ ಬೇಕು ಎನ್ನುವುದು ಅವರು ಕೊಟ್ಟ ಕಾರಣ. ಬೂಸ್ಟರ್ ಎಲ್ಲಿ ಬೀಳುತ್ತದೆ ಎಂದು ಪಟ್ಟುಹಿಡಿದು ಕೇಳಿದ್ದವರು ಊರಿನ ಜನ.

ಈ ದೇಶದಲ್ಲಿ ಜನರು ಒಂದು ಆಯುಧ ಯೋಜನೆಯನ್ನು ನಿಲ್ಲಿಸಿದ್ದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ಅಲ್ಲಿ ವಿವರ ತಿಳಿದ ಪತ್ರಿಕೆ ಇತ್ತು, ಹತ್ತಿರದಲ್ಲೇ ಚುನಾವಣೆ ಇತ್ತು, ಯೋಜನೆಯಲ್ಲೇ ದೋಷವೂ ಇತ್ತು. ಮೂರೂ ಕೂಡಿ ಬಂದವು.

ಸಂಜೆ ಶಾಂತಿ ಪಾರ್ಕ್. ಮೊಟೊಯಾಸು ನದಿ ದಂಡೆಯಲ್ಲಿ ನಮ್ಮ ಗಾಂಧೀಜಿಯ ಪ್ರತಿಮೆ ಇದೆ. 2023ರ ಮೇ ತಿಂಗಳ ಜಿ7 ಸಭೆಗೆ ಬಂದಾಗ ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅಣುಬಾಂಬ್ ಇರುವ ದೇಶದಿಂದ ಬಂದವನಾಗಿ ನಾನು ಅಲ್ಲಿ ತುಂಬ ಹೊತ್ತು ನಿಂತೆ.

ಅಣುಬಾಂಬ್ ಹೊಂದುವುದಿಲ್ಲ, ತಯಾರಿಸುವುದಿಲ್ಲ, ದೇಶದೊಳಗೆ ತರಲು ಬಿಡುವುದಿಲ್ಲ. ಈ ಮೂರು ಮಾತನ್ನು 1967ರಲ್ಲಿ ಪ್ರಧಾನಿ ಸಾತೊ ಐಸಾಕು ಸಂಸತ್ತಿನಲ್ಲಿ ಹೇಳಿದರು. 1974ರಲ್ಲಿ ಅವರಿಗೆ ಶಾಂತಿ ನೊಬೆಲ್ ಬಂತು. 2009ರಲ್ಲಿ ಅವರ ಮನೆಯವರ ಬಳಿ ಒಂದು ಕಾಗದ ಸಿಕ್ಕಿತು. ತುರ್ತು ಬಂದರೆ ಅಮೆರಿಕ ಓಕಿನಾವಾಗೆ ಅಣ್ವಸ್ತ್ರ ತರಬಹುದು ಎಂದು 1969ರಲ್ಲಿ ಸಾತೊ ಮತ್ತು ನಿಕ್ಸನ್ ಗುಟ್ಟಾಗಿ ಸಹಿ ಹಾಕಿದ ಕಾಗದ. ಜನರಿಗೆ ಹೆದರಿ ಮೂರು ಮಾತು ಕೊಟ್ಟರು, ಜನರಿಗೆ ಹೆದರಿ ನಾಲ್ಕನೆಯದನ್ನು ಬಚ್ಚಿಟ್ಟರು. ಹಿರೋಶಿಮಾದಲ್ಲಿ ನಿಂತು ಇದನ್ನು ನೆನೆದರೆ ಸಿಟ್ಟು ಬರುತ್ತದೆ. ಬಾಂಬಿನಿಂದ ಬದುಕುಳಿದವರ ಸಂಘ ನಿಹೊನ್ ಹಿದಾಂಕ್ಯೊಗೆ 2024ರಲ್ಲಿ ನೊಬೆಲ್ ಸಿಕ್ಕಿತು. ಅವರು ಬೇಡುತ್ತಲೇ ಇರುವ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಜಪಾನ್ ಸರ್ಕಾರ ಇನ್ನೂ ಸಹಿ ಹಾಕಿಲ್ಲ.

ಶುಕ್ರವಾರ, ಕುರೆ

ಹಿರೋಶಿಮಾದಿಂದ ಲೋಕಲ್ ರೈಲಿನಲ್ಲಿ ಹೋದರೆ ಕುರೆ. ಹಿಂದಿನಿಂದಲೂ ನೌಕಾಪಡೆಯ ಊರು. ರಸ್ತೆ ಬದಿಯಲ್ಲೇ ಒಂದು ನಿಜವಾದ ಜಲಾಂತರ್ಗಾಮಿ ನೆಲದ ಮೇಲೆ ಕೂತಿದೆ, ಹೆಸರು ಅಕಿಶಿಯೊ. ನೌಕಾಪಡೆಯ ಈ ಮ್ಯೂಸಿಯಂ ಕೂಡ ಉಚಿತ. ಒಳಗೆ ಹೆಚ್ಚು ಜಾಗ ಕೊಟ್ಟಿರುವುದು ಸಮುದ್ರದ ಸಿಡಿಗುಂಡು ತೆಗೆಯುವ ಕೆಲಸಕ್ಕೆ. ಅದಕ್ಕೆ ಕಾರಣವಿದೆ. 1991ರ ಕೊಲ್ಲಿ ಯುದ್ಧಕ್ಕೆ ಜಪಾನ್ 1,300 ಕೋಟಿ ಡಾಲರ್ ಕೊಟ್ಟಿತು, ಜನರನ್ನು ಕಳಿಸಲಿಲ್ಲ. ಕುವೈತ್ ಧನ್ಯವಾದ ಹೇಳಿ ಪತ್ರಿಕೆಗೆ ಕೊಟ್ಟ ಜಾಹೀರಾತಿನಲ್ಲಿ ಜಪಾನಿನ ಹೆಸರೇ ಇರಲಿಲ್ಲ. ಯುದ್ಧ ಮುಗಿದ ಮೇಲೆ ಸಿಡಿಗುಂಡು ತೆಗೆಯುವ ಹಡಗುಗಳು ಪರ್ಷಿಯನ್ ಕೊಲ್ಲಿಗೆ ಹೋದವು. ಜನರ ಮನಸ್ಸು ನಿಧಾನಕ್ಕೆ ಬದಲಾಯಿತು. 1992ರಲ್ಲಿ ಶಾಂತಿಪಾಲನೆಗೆ ಕಳಿಸುವ ಕಾನೂನು ಬಂತು, ಪಡೆ ಕಾಂಬೋಡಿಯಕ್ಕೆ ಹೋಯಿತು.

ಇನ್ನೊಂದು ದೊಡ್ಡ ತಿರುವು 2011ರ ಭೂಕಂಪ, ಸುನಾಮಿ. ಸುಮಾರು 1 ಲಕ್ಷ ಯೋಧರು ಹೆಣ ಹುಡುಕಿದರು, ನೀರು ಹಂಚಿದರು, ಸ್ನಾನಕ್ಕೆ ಬಿಸಿನೀರಿನ ತೊಟ್ಟಿ ಕಟ್ಟಿಕೊಟ್ಟರು. ಮರುವರ್ಷದ ಸರ್ಕಾರಿ ಸಮೀಕ್ಷೆಯಲ್ಲಿ ಈ ಪಡೆಯ ಬಗ್ಗೆ ಒಳ್ಳೆಯ ಅಭಿಪ್ರಾಯ ಇದೆ ಎಂದವರು ಶೇ 90 ದಾಟಿದರು. ಒಂದು ಕಾಲಕ್ಕೆ ಸಮವಸ್ತ್ರದಲ್ಲಿ ಬೀದಿಗೆ ಬರಲೂ ಅಂಜುತ್ತಿದ್ದ ಪಡೆ ಅದು.

ಮಧ್ಯಾಹ್ನ ಕರಿ ಊಟ. ನೌಕಾಪಡೆಯಲ್ಲಿ ಪ್ರತಿ ಶುಕ್ರವಾರ ಕರಿ-ಅನ್ನ ಮಾಡುವ ರೂಢಿ. ಕುರೆಯ ಹೋಟೆಲುಗಳಲ್ಲಿ ಒಂದೊಂದು ಹಡಗಿನ ಅಡುಗೆಯ ಕ್ರಮದಂತೆ ಮಾಡಿಕೊಡುತ್ತಾರೆ. ರುಚಿ ನೋಡಿ ಹಡಗಿನ ಕ್ಯಾಪ್ಟನ್ ಕೊಟ್ಟ ಸರ್ಟಿಫಿಕೇಟನ್ನು ಗೋಡೆಗೆ ಹಾಕಿರುತ್ತಾರೆ. ನಮಗೆ ಬಡಿಸಿದ ಯಜಮಾನರು 2018ರ ಮಳೆಯಲ್ಲಿ ಊರು ಹೊರಗಿನ ಸಂಪರ್ಕ ಕಳೆದುಕೊಂಡಾಗ ನೀರು ತಂದುಕೊಟ್ಟದ್ದು ಈ ಪಡೆಯವರೇ ಎಂದು ಮೊದಲು ಹೇಳಿದರು. ಹಾಗಾದರೆ ರಕ್ಷಣೆಗೆ ತೆರಿಗೆ ಜಾಸ್ತಿ ಕೊಡುತ್ತೀರಾ ಎಂದು ಗೆಳೆಯ ಕೇಳಿದ. ತಲೆ ಅಲ್ಲಾಡಿಸಿ ನಕ್ಕರು. "ಅಂಗಡಿ ನಡೆಸೋದೇ ಕಷ್ಟ" ಎಂದರು.

ಇದು ಅವರೊಬ್ಬರ ಮಾತಲ್ಲ. 2022ರ ತೀರ್ಮಾನದಂತೆ ಐದು ವರ್ಷಕ್ಕೆ 43 ಲಕ್ಷ ಕೋಟಿ ಯೆನ್ ಬೇಕು. ಯುಕ್ರೇನ್ ಯುದ್ಧ, ತೈವಾನ್ ಸುತ್ತಲಿನ ಚೀನಾದ ಕವಾಯತು ನೋಡಿದ ಮೇಲೆ ರಕ್ಷಣೆ ಬಲವಾಗಲಿ ಎನ್ನುವವರು ಹೆಚ್ಚಾದರು. ತೆರಿಗೆ ಏರಿಸುತ್ತೇವೆ ಎಂದ ಕೂಡಲೇ ಹೆಚ್ಚಿನವರು ಬೇಡ ಎಂದರು. ಪ್ರಧಾನಿ ಕಿಶಿದಾ ಫುಮಿಯೊ ಏರಿಕೆಯ ದಿನವನ್ನು ಮುಂದಕ್ಕೆ ಹಾಕುತ್ತಲೇ ಹೋದರು. ಕ್ಷಿಪಣಿಗೆ ಬೀಳದ ತಡೆ ತೆರಿಗೆಗೆ ಬಿತ್ತು. ಜನರ ಮಾತು ಇಲ್ಲಿ ನೀತಿಯನ್ನು ಬದಲಿಸಲಿಲ್ಲ, ಬಿಲ್ಲನ್ನು ಮುಂದೂಡಿತು. ಇದು ನನಗೆ ಸಮಾಧಾನದ ವಿಷಯ ಅನ್ನಿಸಲಿಲ್ಲ. ಬಿಲ್ಲು ಕೈಗೆ ಬರುವವರೆಗೆ ಜನ ಕೇಳಬೇಕಾದ ಪ್ರಶ್ನೆ ಕೇಳುವುದಿಲ್ಲ.

ವಾಪಸು ಬರುವಾಗ ರೈಲಿನ ಕಿಟಕಿಯಲ್ಲಿ ಮುಚ್ಚಿಹೋದ ಉಕ್ಕಿನ ಕಾರ್ಖಾನೆ ಕಂಡಿತು. 2023ರಲ್ಲಿ ಬಾಗಿಲು ಹಾಕಿತು. ಆ ಜಾಗವನ್ನು ಕೊಂಡು ರಕ್ಷಣಾ ನೆಲೆ ಮಾಡುತ್ತೇವೆ ಎಂದು ಮರುವರ್ಷ ಇಲಾಖೆ ಮುಂದೆ ಬಂತು. ಕೆಲಸ ಹೋದ ಊರಿಗೆ ಬೇಡ ಎನ್ನುವುದು ಸುಲಭವಲ್ಲ.

ಶನಿವಾರ, ಗಿನೊವಾನ್

ವಿಮಾನದಲ್ಲಿ ಓಕಿನಾವಾ ದ್ವೀಪದ ನಾಹಾ. ಅಲ್ಲಿಂದ ಟ್ಯಾಕ್ಸಿ ಹಿಡಿದು ಕಾಕಾಜು ಗುಡ್ಡಕ್ಕೆ ಹೋದೆವು. 1945ರಲ್ಲಿ ಘೋರ ಯುದ್ಧ ನಡೆದ ಜಾಗ. ಗುಂಡಿನ ತೂತುಗಳಿರುವ ಕಾಂಕ್ರೀಟ್ ಬಂಕರ್ ಇನ್ನೂ ಇದೆ. ಮೇಲಿನ ಕಟ್ಟೆ ಹತ್ತಿದರೆ ಅಮೆರಿಕ ಸೇನೆಯ ಫುತೆನ್ಮಾ ವಿಮಾನ ನೆಲೆ ಪೂರ್ತಿ ಕಾಣುತ್ತದೆ. ಸುತ್ತಲೂ ಒತ್ತಾಗಿ ಮನೆಗಳು, ನಡುವೆ ರನ್‌ವೇ, ಅದರ ಅಂಚಿನಲ್ಲಿ ಸಾಲಾಗಿ ನಿಂತ ಓಸ್ಪ್ರೇ ವಿಮಾನಗಳು. ಬೇಲಿಗೆ ಅಂಟಿಕೊಂಡೇ ಒಂದು ಪ್ರಾಥಮಿಕ ಶಾಲೆ. 2017ರ ಡಿಸೆಂಬರಿನಲ್ಲಿ ಹೆಲಿಕಾಪ್ಟರಿನ ಕಿಟಕಿ ಚೌಕಟ್ಟು ಸಮೇತ ಆ ಶಾಲೆಯ ಮೈದಾನಕ್ಕೆ ಬಿತ್ತು. ಆಗ ಮಕ್ಕಳು ಅಲ್ಲೇ ಇದ್ದರು.

ದೇಶದ ನೆಲದಲ್ಲಿ ಓಕಿನಾವಾದ ಪಾಲು ಶೇ 0.6. ಜಪಾನಿನಲ್ಲಿ ಅಮೆರಿಕ ಸೇನೆಗೆಂದೇ ಇರುವ ಜಾಗದಲ್ಲಿ ಅದರ ಪಾಲು ಸುಮಾರು ಶೇ 70. ಸಮೀಕ್ಷೆ ಮಾಡಿದಾಗೆಲ್ಲ ಅಮೆರಿಕದ ಜೊತೆಗಿನ ಒಪ್ಪಂದ ಬೇಕು ಎನ್ನುವವರೇ ಜಾಸ್ತಿ. ನೆಲೆ ತಮ್ಮೂರಿಗೆ ಬರಲಿ ಎನ್ನುವವರು ಸಿಗುವುದಿಲ್ಲ. 1995ರಲ್ಲಿ ಮೂವರು ಅಮೆರಿಕನ್ ಸೈನಿಕರು ಶಾಲಾ ಬಾಲಕಿಯ ಮೇಲೆ ಅತ್ಯಾಚಾರ ಮಾಡಿದಾಗ ಇದೇ ಗಿನೊವಾನ್‌ನಲ್ಲಿ 85 ಸಾವಿರ ಜನ ಸೇರಿದರು. ಎರಡೂ ಸರ್ಕಾರಗಳು ಬೆಚ್ಚಿದವು. ಐದರಿಂದ ಏಳು ವರ್ಷದಲ್ಲಿ ಫುತೆನ್ಮಾ ಬಿಟ್ಟುಕೊಡುತ್ತೇವೆ ಎಂದು 1996ರಲ್ಲಿ ಮಾತು ಕೊಟ್ಟರು. ಅದಕ್ಕೆ ಬದಲಿ ಜಾಗ ಆರಿಸಿದ್ದು ಮತ್ತೆ ಓಕಿನಾವಾದಲ್ಲೇ, ಹೆನೊಕೊದಲ್ಲಿ.

ಭಾನುವಾರ, ಮಾಬುನಿ

ಸಮುದ್ರದ ಅಂಚಿನಲ್ಲಿ ಕಪ್ಪು ಕಲ್ಲಿನ ಸಾಲುಗಳು. ಓಕಿನಾವಾ ಯುದ್ಧದಲ್ಲಿ ಸತ್ತ 2 ಲಕ್ಷ 40 ಸಾವಿರಕ್ಕೂ ಹೆಚ್ಚು ಜನರ ಹೆಸರುಗಳು. ಓಕಿನಾವಾದವರು, ಬೇರೆ ಜಪಾನೀಯರು, ಅಮೆರಿಕನ್ನರು, ಕೊರಿಯನ್ನರು, ಎಲ್ಲರೂ. ಸೇನೆ ಇದ್ದರೆ ರಕ್ಷಣೆ ಎಂಬ ಮಾತನ್ನು ಓಕಿನಾವಾದ ಹಿರಿಯರು ಯಾಕೆ ನಂಬುವುದಿಲ್ಲ ಎನ್ನುವುದಕ್ಕೆ ಇಲ್ಲಿ ಬೇರೆ ವಿವರಣೆ ಬೇಕಾಗಿಲ್ಲ.

ಸೋಮವಾರ, ಹೆನೊಕೊ

ಬೆಳಿಗ್ಗೆಯೇ ಕ್ಯಾಂಪ್ ಶ್ವಾಬ್ ಎಂಬ ಅಮೆರಿಕ ನೆಲೆಯ ಗೇಟಿಗೆ ಬಂದೆವು. 2014ರ ಜುಲೈಯಿಂದ ಇಲ್ಲಿ ಧರಣಿ ನಡೆಯುತ್ತಿದೆ. ಎಷ್ಟನೇ ದಿನ ಎಂದು ಬರೆದ ಬೋರ್ಡ್ ಇದೆ. ಮಡಿಸುವ ಕುರ್ಚಿ ಹಾಕಿಕೊಂಡು ಗೇಟಿಗೆ ಅಡ್ಡ ಕೂತವರಲ್ಲಿ ಹೆಚ್ಚಿನವರು ಅಜ್ಜ, ಅಜ್ಜಿಯರು. ಕಲ್ಲು, ಮಣ್ಣು ತುಂಬಿದ ಟಿಪ್ಪರ್‌ಗಳು ಸಾಲುಗಟ್ಟಿದವು. ಪೊಲೀಸರು ಬಂದರು. ಕೈಗವಸು ತೊಟ್ಟ ಹುಡುಗರು. ಒಬ್ಬ ಅಜ್ಜಿಯನ್ನು ನಾಲ್ವರು ಎತ್ತಿ ಪಕ್ಕಕ್ಕೆ ಕೂರಿಸಿದರು. ಅವರ ಟೋಪಿ ಕೆಳಗೆ ಬಿತ್ತು. ಅದೇ ಪೊಲೀಸ್ ಹುಡುಗ ಎತ್ತಿ, ಧೂಳು ಕೊಡವಿ, ಅಜ್ಜಿಯ ಕೈಗೆ ಕೊಟ್ಟ. ಟಿಪ್ಪರ್‌ಗಳು ಒಳಗೆ ಹೋದವು. ಗೇಟು ಮುಚ್ಚಿತು. ಅಜ್ಜಿ ಟೋಪಿ ಹಾಕಿಕೊಂಡು ಮತ್ತೆ ಕುರ್ಚಿಯ ಕಡೆ ನಡೆದರು.

2019ರ ಫೆಬ್ರುವರಿಯಲ್ಲಿ ಇಡೀ ಓಕಿನಾವಾ ಮತ ಹಾಕಿತ್ತು. ಇಲ್ಲಿ ಸಮುದ್ರ ತುಂಬಿಸುವುದು ಬೇಡ ಎಂದವರು ಸುಮಾರು ಶೇ 72. ಆದರೂ ಕೆಲಸ ಮುಂದುವರಿಯಿತು. ಓಉರಾ ಕೊಲ್ಲಿಯ ತಳ ಮೆತ್ತಗಿದೆ ಎಂದು ಗೊತ್ತಾಗಿ ನಕ್ಷೆ ಬದಲಿಸಬೇಕಾಯಿತು. ಗವರ್ನರ್ ತಾಮಾಕಿ ಡೆನ್ನಿ ಒಪ್ಪಿಗೆ ಕೊಡಲಿಲ್ಲ. ಕೋರ್ಟಿನ ಆದೇಶ ಹಿಡಿದುಕೊಂಡು 2023ರ ಡಿಸೆಂಬರಿನಲ್ಲಿ ಕೇಂದ್ರದ ಸಚಿವರೇ ಗವರ್ನರ್ ಬದಲಿಗೆ ಒಪ್ಪಿಗೆ ಹಾಕಿದರು. ಜಪಾನಿನಲ್ಲಿ ಹೀಗಾದದ್ದು ಅದೇ ಮೊದಲು.

ಅಕಿತಾ ಬೇಡ ಎಂದಾಗ ನಿಂತಿತು. ಓಕಿನಾವಾ ಬೇಡ ಎಂದಾಗ ನಿಲ್ಲಲಿಲ್ಲ. ನನಗೆ ಕಂಡ ವ್ಯತ್ಯಾಸ ಇಷ್ಟೇ: ಅಕಿತಾದ ಯೋಜನೆ ಕೈಬಿಡಲು ಟೋಕಿಯೊ ಅಮೆರಿಕದ ಜೊತೆಗಿನ ಒಂದು ಖರೀದಿಯನ್ನು ಬದಲಿಸಿದರೆ ಸಾಕಿತ್ತು. ಹೆನೊಕೊ ಕೈಬಿಟ್ಟರೆ ನೆಲೆಗೆ ಇನ್ನೊಂದು ಜಾಗ ತೋರಿಸಬೇಕು. ಉಳಿದ ಜಪಾನ್ ಅದಕ್ಕೆ ತಯಾರಿಲ್ಲ. ಇದು ಅನ್ಯಾಯ ಎಂದು ನಾನು ನೇರವಾಗಿಯೇ ಹೇಳುತ್ತೇನೆ. ವಾಪಸು ಕರೆತಂದ ಟ್ಯಾಕ್ಸಿ ಚಾಲಕರು ನಾಗೊ ಊರಿನವರು, ಹೆನೊಕೊ ಅದಕ್ಕೇ ಸೇರಿದೆ. ತಾವು ಬೇಡ ಎಂದು ಮತ ಹಾಕಿದ್ದಾಗಿ ಹೇಳಿದರು. ಆಮೇಲೆ ಮೇಯರ್ ಚುನಾವಣೆಯಲ್ಲಿ ಆಳುವ ಪಕ್ಷದ ಬೆಂಬಲವಿದ್ದವರಿಗೇ ಹಾಕಿದರಂತೆ. ಕೇಂದ್ರದ ಹಣದಿಂದ ಶಾಲೆಯ ಊಟ ಉಚಿತವಾಗಿದೆ. "ಹೇಗೂ ಕಟ್ಟುತ್ತಾರೆ" ಎಂದರು.

ಮಂಗಳವಾರ, ಯೊನಾಗುನಿ

ಜಪಾನಿನ ಪಶ್ಚಿಮದ ತುದಿ. ನಾಹಾದಿಂದ ಸಣ್ಣ ವಿಮಾನ. ಸುಮಾರು 1,700 ಜನರ ದ್ವೀಪ, ರಸ್ತೆಯಲ್ಲೇ ಕುದುರೆಗಳು ಮೇಯುತ್ತಿರುತ್ತವೆ. ತೈವಾನ್ ಇಲ್ಲಿಂದ ಸುಮಾರು 110 ಕಿಲೋಮೀಟರ್. 2022ರ ಆಗಸ್ಟಿನಲ್ಲಿ ಚೀನಾ ಹಾರಿಸಿದ ಕ್ಷಿಪಣಿಯೊಂದು ದ್ವೀಪದಿಂದ ಸುಮಾರು 80 ಕಿಲೋಮೀಟರ್ ದೂರದ ಸಮುದ್ರದಲ್ಲಿ ಬಿತ್ತು.

2015ರ ಫೆಬ್ರುವರಿಯಲ್ಲಿ ಇಲ್ಲಿ ಊರಿನ ಜನಮತ ನಡೆಯಿತು. ಕರಾವಳಿ ಕಾವಲಿನ ರೇಡಾರ್ ಪಡೆ ಬರಬಹುದಾ ಎಂಬ ಪ್ರಶ್ನೆ. ಮಾಧ್ಯಮಿಕ ಶಾಲೆಯ ಮಕ್ಕಳಿಗೂ, ಇಲ್ಲೇ ನೆಲೆಸಿದ ವಿದೇಶಿಯರಿಗೂ ಮತ ಇತ್ತು. ಬರಲಿ ಎಂದವರು 632, ಬೇಡ ಎಂದವರು 445. ಮರುವರ್ಷ ಪಡೆ ಬಂತು.

ನಾವು ಉಳಿದ ಮನೆಯ ಅಮ್ಮ ಬರಲಿ ಎಂದವರಲ್ಲಿ ಒಬ್ಬರು. ಯೋಧರ ಕುಟುಂಬಗಳು ಬಂದರೆ ಶಾಲೆ ಉಳಿಯುತ್ತದೆ, ಅಂಗಡಿ ಉಳಿಯುತ್ತದೆ ಎಂಬ ಆಸೆ. ಮಕ್ಕಳು ಬಂದರು, ಅದು ನಿಜ ಎಂದರು. ಆದರೆ ಈಗ ಕ್ಷಿಪಣಿ ಪಡೆಯನ್ನೂ ತರುತ್ತೇವೆ ಎಂದು ಇಲಾಖೆ ಹೇಳಿದೆ. ಅದಕ್ಕೆ ಜನಮತ ಇಲ್ಲ, ವಿವರಣೆಯ ಸಭೆ ಮಾತ್ರ.

"ಅವತ್ತು ಕೇಳಿದ್ದು ನೋಡುವ ಯಂತ್ರದ ಬಗ್ಗೆ. ಹೊಡೆಯುವುದರ ಬಗ್ಗೆ ಕೇಳಲಿಲ್ಲ. ಕೇಳಿದ್ದರೆ ನಾನು ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಆದರೆ ಕೇಳಬೇಕಿತ್ತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಇಂಡಿಯಾದಲ್ಲಿ ಸೇನೆಗೆ ಜಾಗ ಬೇಕಾದಾಗ ಊರವರನ್ನು ಕೇಳುತ್ತಾರಾ ಎಂದರು.

ನಾನು ಕಾರವಾರದ ಸೀಬರ್ಡ್ ನೌಕಾನೆಲೆಯ ಬಗ್ಗೆ ಹೇಳಿದೆ. ಅಂಕೋಲಾ-ಕಾರವಾರದ ನಡುವಿನ ಹಳ್ಳಿಗಳು ಹೇಗೆ ಎದ್ದು ಹೋದವು, ಪರಿಹಾರಕ್ಕೆ ಜನ ಎಷ್ಟು ವರ್ಷ ಓಡಾಡಿದರು ಎಂದೆಲ್ಲ. ಅಲ್ಲಿ ಮತಪತ್ರ ಯಾರ ಕೈಗೂ ಬರಲಿಲ್ಲ ಎಂದೂ ಹೇಳಿದೆ. ಗೆಳೆಯ ಒಂದೊಂದೇ ವಾಕ್ಯ ದಾಟಿಸಿದ. ಅಮ್ಮ ಪೂರ್ತಿ ಕೇಳಿದರು. ಆ ಹಳ್ಳಿಗಳ ಜನ ಈಗ ಎಲ್ಲಿದ್ದಾರೆ, ಮೀನು ಹಿಡಿಯುವ ಕೆಲಸ ಸಿಕ್ಕಿತಾ, ಮಕ್ಕಳು ಯಾವ ಶಾಲೆಗೆ ಹೋದರು ಎಂದು ಒಂದಾದ ಮೇಲೊಂದು ಪ್ರಶ್ನೆ ಹಾಕಿದರು. ನನಗೆ ತಿಳಿದಷ್ಟನ್ನು ಹೇಳಿದೆ.